ಕಾಲು ಟ್ಯಾಂಕು

ಯಾರ್ಕ್‌ಟನ್ನಿನಲ್ಲಿ ಈ ರಾತ್ರಿ
ಸೊನ್ನೆಯಿಂದ ಮೂವತ್ತೊಂದು ಡಿಗ್ರಿ ಕೆಳಗೆ.
ಒಳಗೆ, ಮೇಜಿನ ಮೇಲೆ, ಹಳೇ ಟವೆಲ್ ಹಾಸಿ
ಐವತ್ತೊಂದನೇ ಇಸವಿಯ ಇಂಟರ್‌ನ್ಯಾಷನಲ್ ಪಿಕಪ್ಪಿನ
ಮೀಟರುಗಳನ್ನೆಲ್ಲ ಬಿಚ್ಚಿಟ್ಟಿದ್ದೇನೆ:
ವೇಗ, ಬಿಸಿ, ಎಣ್ಣೆ, ಕರೆಂಟು, ಪೆಟ್ರೋಲು.

ತಂದವನು ಓರೆಸ್ಟ್ ಹ್ನಾಟಿವ್. ಎಂಬತ್ತರ ಹತ್ತಿರ.
ಬಾಗಿಲಲ್ಲಿ ಬೂಟಿನ ಮಂಜು ಒದರುತ್ತ ಅಂದ:
"ಹೊಸದರ ಹಾಗೆ ಮಾಡು ಲೆಸ್ಯಾ,
ಆದರೆ ಹೊಸದು ಹಾಕಬೇಡ."
ಎಲ್ಲರೂ ಹೇಳುವ ಮಾತೇ. ತಲೆಯಾಡಿಸಿದೆ.

ಅಂಚಿನ ಬಳೆ ಬಿಚ್ಚಲು ಅವಸರ ಸಲ್ಲದು.
ಅರ್ಧ ಅಕ್ಕಿಕಾಳಿನಷ್ಟು ಎತ್ತು, ತಿರುಗಿಸು,
ಮತ್ತೆ ಅರ್ಧ. ಮೂರು ಸುತ್ತು.
ನಾಲ್ಕನೆಯದಕ್ಕೆ ಸದ್ದಿಲ್ಲದೆ ಬಿಟ್ಟುಕೊಟ್ಟಿತು.
ಗಾಜಿನ ಹಿಂದೆ ಗೋಧಿಯ ಹೊಟ್ಟು.
ಮತ್ತೊಂದು ನೊಣ,
ನಲವತ್ತು ಮೈಲಿಯ ಅಂಕಿಯ ಮೇಲೇ
ಕಾಲು ಮಡಚಿ ಸತ್ತದ್ದು.

ಮುಳ್ಳು ಕೀಳುವುದು ಎರಡು ಚಹಾ ಚಮಚದಿಂದ,
ಎರಡೂ ಕಡೆ ಒಟ್ಟಿಗೆ ಮೀಟಿ.
ಮುಳ್ಳನ್ನು ಮುಳ್ಳಿಂದಲೇ ತೆಗೆಯಬೇಕೆನ್ನುವ ಗಾದೆ
ಈ ಮೇಜಿನ ಮೇಲೆ ನಡೆಯುವುದಿಲ್ಲ.

ಬಿಸಿಯ ಮೀಟರಿನದು ಬೇರೆಯೇ ತಕರಾರು.
ಕೂದಲಿನಂಥ ತಾಮ್ರದ ನಾಳದೊಳಗಿನ ಈಥರ್
ಯಾವ ಕಾಲಕ್ಕೋ ಬಿರುಕಿನಿಂದ ಹಾರಿಹೋಗಿದೆ.
ಗುಜರಿಯ ಇನ್ನೊಂದು ಮೀಟರಿನ ಬಾಲ ಕತ್ತರಿಸಿ
ಇದಕ್ಕೆ ಬೆಸೆಯಬೇಕು. ಅದಕ್ಕೂ ಮೊದಲು
ಬಾಲದ ತುದಿಯ ಬಲ್ಬನ್ನು
ಉಪ್ಪು ಬೆರೆಸಿದ ಮಂಜಿನಲ್ಲಿ ಹೂಳಬೇಕು,
ಇಲ್ಲವಾದರೆ ಬೆಸುಗೆಯ ಕಾವಿಗೆ ಅದೂ ಹಾರೀತು.
ಮಂಜಿಗೇನು ಬರ ಇಲ್ಲಿ!
ಬಾಗಿಲು ತೆರೆದು ಬಕೆಟ್ಟು ಒತ್ತಿದೆ, ತುಂಬಿತು.
ಒಂದು ಕೈ ಕಾವಿನಲ್ಲಿ, ಒಂದು ಕೈ ಮರಗಟ್ಟಿ,
ಉಸಿರು ಹಿಡಿದು ಹನ್ನೊಂದು ಸೆಕೆಂಡು.
ಆಮೇಲೆ ಬಲ್ಬನ್ನು ನನ್ನ ಚಹಾದಲ್ಲೇ ಅದ್ದಿದೆ.
ಮುಳ್ಳು ಎದ್ದಿತು,
ನಿದ್ದೆಗಣ್ಣಿನ ಹಸು ಏಳುವ ಹಾಗೆ
ಹಿಂಗಾಲು ಮೊದಲು.
ಆ ಚಹಾ ಚೆಲ್ಲಿದೆ.

ಪೆಟ್ರೋಲಿನದು ಸುಲಭ ಅಂದುಕೊಂಡು ಕೊನೆಗಿಟ್ಟಿದ್ದೆ.
ತಂತಿ ಸಿಕ್ಕಿಸಿ ನೋಡಿದರೆ
ತುಂಬಿದ್ದು ಸರಿ, ಮುಕ್ಕಾಲು ಸರಿ, ಅರ್ಧ ಸರಿ,
ಕಾಲಿಗೆ ಬಂದು ಕಾಲೂರಿ ನಿಂತುಬಿಡುತ್ತದೆ.
ಬರಿದು ಎಂಬ ಮಾತೇ ಅದರ ಬಾಯಲ್ಲಿಲ್ಲ.
ಬಿಚ್ಚಿದೆ. ಮುಳ್ಳಿನ ಬುಡಕ್ಕೆ ಅಡ್ಡವಾಗಿ
ಒಂದು ಬೆಂಕಿಕಡ್ಡಿಯ ಚೂರು.
ತಾನಾಗಿ ಬಿದ್ದದ್ದಲ್ಲ. ಬೆನ್ನಿನ ತೂತಿನಿಂದ
ಅಳತೆ ನೋಡಿ ತೂರಿಸಿದ್ದು.
ಡ್ಯಾಶ್‌ಬೋರ್ಡಿನ ಅಡಿ ಆ ಸಂದಿಯಲ್ಲಿ
ನನ್ನ ಕೈ ಮಣಿಕಟ್ಟಿಗೇ ಸಿಕ್ಕಿಕೊಳ್ಳುತ್ತದೆ.
ಯಾರದೋ ತೆಳ್ಳಗಿನ ಕೈ.

ಓರೆಸ್ಟ್‌ಗೆ ಫೋನು ಮಾಡಿದೆ.
ಬಹಳ ಹೊತ್ತು ಬರೀ ಅವನ ಉಸಿರು, ಹಿಂದೆ ರೇಡಿಯೋ.
ಆಮೇಲೆ ಹೇಳಿದ: ಅಪ್ಪ ದಿನವೂ ಬೆಳಿಗ್ಗೆ
ಮುಳ್ಳು ನೋಡಿಯೇ ಕಾಫಿ ಕುಡಿಯುತ್ತಿದ್ದುದು.
ಕಾಲು ಟ್ಯಾಂಕಿಗಿಂತ ಹೆಚ್ಚು ಬಿಡುತ್ತಿರಲಿಲ್ಲವಂತೆ,
ಮನೆಯಲ್ಲಿ ಹದಿನೇಳರ ಮಗಳಿದ್ದಳಲ್ಲ.
ಒಂದು ಸಲ ಕನೋರಾ ರಸ್ತೆಯಲ್ಲಿ, ಒಂಬತ್ತು ಹಂದಿಗಳ ಸಮೇತ,
ಕಾಲು ತೋರಿಸುತ್ತಲೇ ಗಾಡಿ ನಿಂತಿತು.
ನಾಲ್ಕು ಮೈಲಿ ಡಬ್ಬ ಹಿಡಿದು ನಡೆದದ್ದು ಅಪ್ಪ,
ಹಂದಿ ಕಾದದ್ದು ಹತ್ತು ವರ್ಷದ ಓರೆಸ್ಟ್.
ಅಪ್ಪ ಸಾಯುವವರೆಗೂ ಕಂಪನಿಯವರನ್ನು ಬೈದ.
ತಾನೂ ಮೊನ್ನೆ ಮೊನ್ನೆವರೆಗೆ ಬೈದೆನೆಂದ.

"ಪರಾಸ್ಕಾ," ಅಂದ. ಬೈಗುಳವೋ ಮೆಚ್ಚುಗೆಯೋ ತಿಳಿಯಲಿಲ್ಲ.
ಅಕ್ಕ ತೀರಿಕೊಂಡು ಆರು ವರ್ಷ.

"ಕಡ್ಡಿ ಗೀರಿದ್ದೋ, ಗೀರದ್ದೋ?"
ದೀಪದ ಕೆಳಗೆ ಹಿಡಿದು ನೋಡಿದೆ.
ತುದಿ ಕರಿ.
"ಗೀರಿದ್ದು."
"ಹಾಗಾದರೆ ಸಿಗರೇಟೂ ಸೇದುತ್ತಿದ್ದಳು!"
ಅಂದವನು ನಗಲು ಹೋಗಿ ಕೆಮ್ಮಿದ, ಫೋನಿಟ್ಟ.
ಕಡ್ಡಿಯನ್ನೇನು ಮಾಡಬೇಕೆಂದು
ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮುಳ್ಳುಗಳಿಗೆಲ್ಲ ಕಿತ್ತಳೆ ಬಣ್ಣ ಬಳಿದಾಗಿದೆ.
ನಾಲ್ಕಕ್ಕೆ ಗಾಜು ಕೂರಿಸಿ ಬಳೆ ಒತ್ತಿದೆ.
ಐದನೆಯದು ತೆರೆದೇ ಇದೆ. ಟವೆಲ್ಲಿನ ಮೇಲೆ
ನೊಣದ ಪಕ್ಕ ಅರ್ಧ ಬೆಂಕಿಕಡ್ಡಿ.